ಕೋಳಿ ಮಾಂಸವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ

ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದ ಭಾನುವಾರವೂ ಜನ ಮೊದಲು ಕೋಳಿ ಮಾಂಸ ಕಟ್ಟಿಸಿಕೊಂಡು, ಬೈಕಿಗೆ ನೇತುಹಾಕಿ, ಆಮೇಲೆ ತರಕಾರಿ, ಕಿರಾಣಿ ಎಂದು ಸುತ್ತುತ್ತಾರೆ. ಮಾಂಸ ಕೊನೆಗೆ ಕೊಳ್ಳಿರಿ. ಈ ಶಾಖದಲ್ಲಿ ಹಸಿ ಮಾಂಸ ಒಂದು ತಾಸಿಗಿಂತ ಹೆಚ್ಚು ಹೊರಗಿರಬಾರದು. ಮುಚ್ಚಳವಿರುವ ಸ್ಟೀಲ್ ಡಬ್ಬಿ ಒಯ್ಯಿರಿ. ತೆಳು ಕಪ್ಪು ಚೀಲ ಸೋರಿ ಕೊತ್ತಂಬರಿ ಕಟ್ಟನ್ನು ತೋಯಿಸುತ್ತದೆ.

ಅಂಗಡಿಯಲ್ಲಿ ಕೋಳಿ ಅದ್ದುವ ಬಕೆಟ್ಟಿನ ಮೇಲೆ ಕಣ್ಣಿಡಿ. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಆರೋಗ್ಯವಾಗಿ ಕಾಣುವ ಕೋಳಿಯ ಕರುಳಿನಲ್ಲೂ ಇರುತ್ತವೆ. ಕರುಳು ತೆಗೆಯುವಾಗ ಹರಿದರೆ ಮಾಂಸಕ್ಕೆ ಹತ್ತುತ್ತವೆ. ಒಂದೇ ಬಕೆಟ್ಟಿನಲ್ಲಿ ಹತ್ತು ಕೋಳಿ ಅದ್ದಿದ ನೀರು ಹನ್ನೊಂದನೆಯದಕ್ಕೂ ಆ ಬ್ಯಾಕ್ಟೀರಿಯಾಗಳನ್ನೇ ಬಳಿಯುತ್ತದೆ. ನೀರು ಕೆಂಪಾಗಿದ್ದರೆ ಬದಲಿಸಲು ಹೇಳಿ, ಸಂಕೋಚ ಬೇಡ. ಕಣ್ಣೆದುರು ಕೊಯ್ದದ್ದು ತಾಜಾ ಇರಬಹುದು, ಶುದ್ಧವಾಗಿಯೇ ಇದೆ ಎನ್ನುವಂತಿಲ್ಲ.

ದೊಡ್ಡ ತಪ್ಪು ನಡೆಯುವುದು ಮನೆಯ ಸಿಂಕಿನಲ್ಲಿ. ಧಾರೆ ಮಾಂಸಕ್ಕೆ ಬಡಿದು ಸಿಡಿಯುವ ಹನಿ ಪಕ್ಕದ ಲೋಟ, ಒರೆಸುವ ಬಟ್ಟೆ, ಹೆಚ್ಚಿಟ್ಟ ಉಳ್ಳಾಗಡ್ಡಿಯ ಮೇಲೆಲ್ಲ ಕೂರುತ್ತದೆ. ಅನುಮಾನವಿದ್ದರೆ ಸುತ್ತ ಹಳೆಯ ಪತ್ರಿಕೆ ಹಾಸಿ, ನಲ್ಲಿಯ ಕೆಳಗೆ ಒಂದು ಚಮಚ ಹಿಡಿದು ನೋಡಿ; ಹನಿಗಳು ಎಷ್ಟು ದೂರ ಹೋದವೆಂದು ಕಾಗದವೇ ತೋರಿಸುತ್ತದೆ. ತೊಳೆಯದಿರುವುದೇ ಸರಿ. ಮನಸ್ಸು ಒಪ್ಪದಿದ್ದರೆ ಅಗಲ ಪಾತ್ರೆಯ ನೀರಿನಲ್ಲಿ ಮೆಲ್ಲಗೆ ಮುಳುಗಿಸಿ ತೆಗೆದು, ಆ ನೀರನ್ನು ಸಿಡಿಯದಂತೆ ಚೆಲ್ಲಿ, ಸಿಂಕ್ ಮತ್ತು ಕೈಯನ್ನು ಸಾಬೂನಿನಿಂದ ತೊಳೆಯಿರಿ. ಉಪ್ಪು, ಅರಿಸಿನ, ನಿಂಬೆರಸ ಹಚ್ಚಿದರೆ ವಾಸನೆ ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾ ಹೋಗುತ್ತದೆಂದು ನಂಬಬೇಡಿ. ಸಿಂಕ್ ತೊಳೆಯಲು ಸ್ಪಂಜನ್ನಂತೂ ಮುಟ್ಟಲೇಬೇಡಿ. ಅದು ಒದ್ದೆಯಾಗಿಯೇ ಇದ್ದು, ಎಲ್ಲವನ್ನೂ ಮುಂದಿನ ತಟ್ಟೆಗೆ ದಾಟಿಸುತ್ತದೆ.

ನಮ್ಮ ಕಡೆ ಜೋಳದ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಇಲ್ಲದೆ ಊಟವಿಲ್ಲ. ಸಾರು ಬೆಂಕಿ ಕಾಣುತ್ತದೆ, ಇವು ಕಾಣುವುದಿಲ್ಲ. ಮಾಂಸ ಕತ್ತರಿಸಿದ ಚಾಕು, ಮಣೆಯಲ್ಲೇ ಇವನ್ನೂ ಹೆಚ್ಚಿದರೆ ಸಾರು ಎಷ್ಟು ಬೆಂದರೂ ಹೊಟ್ಟೆ ಕೆಡಬಹುದು. ಹಾಗಾಗಿ ಉಳ್ಳಾಗಡ್ಡಿ ಮೊದಲು ಹೆಚ್ಚಿ ಮುಚ್ಚಿಡಿ, ಆಮೇಲೆ ಮಾಂಸಕ್ಕೆ ಕೈ ಹಾಕಿ. ಕೋಳಿಗೆ ಬೇರೆ ಮಣೆಯೇ ಇರಲಿ, ಬಿರುಕು ಬಿಟ್ಟ ಮರದ ಮಣೆ ಬಿಸಾಡಿ.

ಅಂದೇ ಬೇಯಿಸದಿದ್ದರೆ ಫ್ರಿಜ್‌ನ ಕೆಳ ಹಲಗೆಯಲ್ಲಿ ಡಬ್ಬಿಯಲ್ಲಿಡಿ, ಹೆಚ್ಚೆಂದರೆ ಎರಡು ದಿನ. ಬೇಯಿಸುವುದು ಸುಲಭ: ದಪ್ಪ ತುಂಡಿನ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಉಳಿದ ಸಾರನ್ನು ಒಂದು ತಾಸಿನೊಳಗೆ ಫ್ರಿಜ್‌ಗೆ ಇಟ್ಟು, ಮತ್ತೆ ಉಣ್ಣುವಾಗ ಕುದಿ ಬರುವವರೆಗೆ ಕಾಯಿಸಿ.