ಕಣ್ಣಿನ ಪರೀಕ್ಷೆಯಲ್ಲಿ ಫೇಲ್ ಆಗೋದು ಅಂತ ಇಲ್ಲ

ಶಾಲೆಯದ್ದೂ ಪರೀಕ್ಷೆ, ಕಣ್ಣಿನದ್ದೂ ಪರೀಕ್ಷೆ. ಅದಕ್ಕೇ ಇರಬೇಕು, ನನ್ನ ಮುಂದೆ ಕೂತವರು ಹೇಗಾದರೂ ಪಾಸಾಗಲು ಒದ್ದಾಡುತ್ತಾರೆ. ಕಣ್ಣು ಕಿರಿದು ಮಾಡುತ್ತಾರೆ, ಕತ್ತು ಮುಂದೆ ಚಾಚುತ್ತಾರೆ. ಆಪ್ಟೋಮೆಟ್ರಿಸ್ಟ್ ಆಗಿ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ಪವರ್ ಬರೆಯುವವನಾಗಿ, ಕೆಲಸ ಶುರುಮಾಡಿದ ಹೊಸತರಲ್ಲಿ ಒಬ್ಬ ಹುಡುಗ ಬಂದಿದ್ದ. ಬಲಗಣ್ಣಲ್ಲಿ ಪಟಪಟ ಓದಿದ, ಎಡಗಣ್ಣಲ್ಲೂ ಹಾಗೇ ಓದಿದ. ಯಾಕೋ ಅನುಮಾನ ಬಂದು ಅಕ್ಷರ ಬದಲಿಸಿದೆ. ಎಡಗಣ್ಣಿಗೆ ಮೇಲಿನ ದೊಡ್ಡ ಅಕ್ಷರವೂ ಕಾಣುತ್ತಿರಲಿಲ್ಲ. ಬಲಗಣ್ಣಲ್ಲಿ ಓದಿದ್ದನ್ನು ಬಾಯಿಪಾಠ ಒಪ್ಪಿಸಿದ್ದ, ಅಷ್ಟೇ. ಅವತ್ತಿಂದ ಒಂದೊಂದು ಕಣ್ಣಿಗೂ ಬೇರೆ ಬೇರೆ ಅಕ್ಷರ ತೋರಿಸುತ್ತೇನೆ.

ಮೊದಲು ಒಂದಷ್ಟು ಪ್ರಶ್ನೆ ಕೇಳುತ್ತೇನೆ. ಶುಗರ್ ಇದೆಯಾ, ಬಿಪಿ ಇದೆಯಾ, ಯಾವ ಮಾತ್ರೆ ತಗೋತೀರಿ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇತ್ತಾ. ಹಳೆಯ ಕನ್ನಡಕ ತಂದರೆ ನನಗೆ ಅರ್ಧ ಕೆಲಸ ಸಲೀಸು.

ಆಮೇಲೆ ಯಂತ್ರದೊಳಗೆ ನೋಡಲು ಹೇಳುತ್ತೇವೆ. ದೂರದಲ್ಲೊಂದು ಬಲೂನೋ ಮನೆಯೋ ಕಾಣುತ್ತದೆ, ಮಂಜಾಗುತ್ತದೆ, ಮತ್ತೆ ಸರಿಹೋಗುತ್ತದೆ. ಕಣ್ಣು ಬಿಗಿ ಬಿಟ್ಟು ದೂರ ನೋಡಲಿ ಅಂತಲೇ ಹಾಗೆ ಮಂಜು ಮಾಡುವುದು. ಅದು ಕೊಡುವ ನಂಬರ್ ಬರೀ ಆರಂಭ. ಅದನ್ನೇ ನೇರವಾಗಿ ಕನ್ನಡಕಕ್ಕೆ ಬರೆದುಕೊಡುವುದು ನನಗೆ ಒಪ್ಪಿಗೆಯಿಲ್ಲ.

ಅಕ್ಷರದ ಚಾರ್ಟ್ ಹಳೆಯದು. ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಮಾಡಿದ್ದು. 6/12 ಅಂತ ಬರೆದರೆ ಅದು ಪವರ್ ಅಲ್ಲ. ಸರಿಯಾದ ದೃಷ್ಟಿ ಇರುವವರು 12 ಮೀಟರ್ ದೂರದಿಂದ ಓದುವ ಸಾಲನ್ನು ನೀವು 6 ಮೀಟರ್‌ನಿಂದ ಓದಿದಿರಿ ಅಂತ.

ಜನರಿಗೆ ಜಾಸ್ತಿ ಗಾಬರಿಯಾಗುವುದು ಲೆನ್ಸ್ ತಿರುಗಿಸಿ "ಇದು ಚೆನ್ನಾಗಿದೆಯಾ, ಇದಾ?" ಅಂತ ಕೇಳುವಾಗ. ತಪ್ಪು ಹೇಳಿದರೆ ತಪ್ಪು ಕನ್ನಡಕ ಬರುತ್ತದೆ ಅನ್ನುವ ಭಯ. "ಎರಡೂ ಒಂದೇ ಥರ ಇದೆ, ಏನು ಹೇಳಲಿ?" ಅಂತ ಅಳುಕುತ್ತಾ ಕೇಳುತ್ತಾರೆ. ಅದನ್ನೇ ಹೇಳಿ! ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಸಮ ಇಲ್ಲದಿದ್ದರೆ ಬೇಕಾಗುವ ಪವರ್) ನೋಡುವಾಗ ನಾನು ಕಾಯುವುದೇ ಆ ಮಾತಿಗೆ. ಎರಡೂ ಒಂದೇ ಥರ ಕಂಡರೆ ಸರಿಯಾದ ಜಾಗಕ್ಕೆ ಬಂದೆವು ಅಂತ ಲೆಕ್ಕ. ಕೆಂಪು-ಹಸಿರು ಹಿನ್ನೆಲೆಯ ಅಕ್ಷರಗಳೂ ಹಾಗೇ, ಎರಡೂ ಕಡೆ ಸಮವಾಗಿ ಕಾಣುವವರೆಗೆ ಪವರ್ ಬದಲಿಸುತ್ತಾ ಹೋಗುತ್ತೇನೆ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ನಿಮ್ಮ ಮೇಲೆ ನಂಬಿಕೆಯಿಲ್ಲ ಅಂತ ಅಲ್ಲ. ಇನ್ನೊಮ್ಮೆ ಖಚಿತ ಮಾಡಿಕೊಳ್ಳುತ್ತೇನೆ, ಅಷ್ಟೇ.

ಕಣ್ಣಿನ ಒತ್ತಡ ನೋಡಲು ಫುಸ್ ಅಂತ ಗಾಳಿ ಬಿಡುತ್ತೇವೆ. ಬೆಚ್ಚಿಬೀಳುತ್ತೀರಿ, ನೋವಾಗುವುದಿಲ್ಲ. ಸಾಮಾನ್ಯವಾಗಿ 10ರಿಂದ 21 mmHg ಒಳಗೆ ಇರುತ್ತದೆ. ಆದರೆ ಒತ್ತಡ ಸರಿಯಿದ್ದೂ ಗ್ಲಾಕೋಮಾ ಇರಬಹುದು. ಹಾಗಾಗಿ ಕಣ್ಣಿನ ನರವನ್ನು ಒಳಗೆ ಇಣುಕಿ ನೋಡಲೇಬೇಕು.

ಅದಕ್ಕೇ ಪಾಪೆ ದೊಡ್ಡದು ಮಾಡುವ ಹನಿ. ಇದನ್ನು ಮಾತ್ರ ಸುಮ್ನೆ ಬೇಡ ಅನ್ನಬೇಡಿ. ಕಿಂಡಿಯಲ್ಲಿ ಇಣುಕುವುದಕ್ಕೂ ಬಾಗಿಲು ತೆರೆದು ನೋಡುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಹನಿ ಸ್ವಲ್ಪ ಉರಿಯುತ್ತದೆ. 20-30 ನಿಮಿಷ ಕಾಯಬೇಕು. ನಂತರ ನಾಲ್ಕೈದು ಗಂಟೆ ಹತ್ತಿರದ್ದು ಮಂಜು, ಬೆಳಕು ಚುಚ್ಚುತ್ತದೆ. ಗಾಡಿ ಓಡಿಸಬೇಡಿ. ಜೊತೆಗೊಬ್ಬರನ್ನು ಕರೆದುಕೊಂಡು, ಒಂದು ಕಪ್ಪು ಕನ್ನಡಕ ಇಟ್ಟುಕೊಂಡು ಬನ್ನಿ.

ಒಮ್ಮೆ ಓದುವ ಕನ್ನಡಕಕ್ಕೆಂದು ಬಂದ ಅಮ್ಮ ಒಬ್ಬರು ಹನಿ ಬೇಡವೆಂದು ಹಟ ಹಿಡಿದರು. "ನನಗೆ ಎಲ್ಲಾ ಚೆನ್ನಾಗೇ ಕಾಣುತ್ತಲ್ಲಪ್ಪ" ಅಂದರು. ನಿಜ, ಎರಡೂ ಕಣ್ಣು 6/6 ಇತ್ತು. ಆದರೆ ಶುಗರ್ ಬಂದು ಎಂಟು ವರ್ಷವಾಗಿತ್ತು, ಒಮ್ಮೆಯೂ ಒಳಗೆ ನೋಡಿಸಿರಲಿಲ್ಲ. ಕೂತು ಮಾತಾಡಿ ಒಪ್ಪಿಸಿದೆ. ರೆಟಿನಾದಲ್ಲಿ, ಅಂದರೆ ಕಣ್ಣಿನ ಒಳಪರದೆಯಲ್ಲಿ, ಅಲ್ಲಲ್ಲಿ ರಕ್ತದ ಚುಕ್ಕೆಗಳಿದ್ದವು. ಅವತ್ತೇ ರೆಟಿನಾ ಡಾಕ್ಟರ ಹತ್ತಿರ ಕಳಿಸಿದೆ. ಈಗ ತಪ್ಪದೆ ಬಂದು ತೋರಿಸುತ್ತಾರೆ, ದೃಷ್ಟಿ ಉಳಿದಿದೆ.

ಇನ್ನೊಂದು ಮಾತು. ಹೊಸ ಪವರ್ ಬರೆಯುವ ಮೊದಲು ಟ್ರಯಲ್ ಫ್ರೇಮ್ (ಲೆನ್ಸ್ ಬದಲಿಸಿ ನೋಡುವ ಪರೀಕ್ಷೆಯ ಕನ್ನಡಕ) ಹಾಕಿಸಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿ. ನೆಲ ಓರೆಯಾಗಿ ಕಂಡರೆ ಅಲ್ಲೇ ಹೇಳಿ. ಕನ್ನಡಕ ಬಂದು ಎರಡು ವಾರವಾದರೂ ತಲೆನೋವು ಹೋಗದಿದ್ದರೆ, ಅಭ್ಯಾಸ ಆಗುತ್ತದೆ ಅಂತ ಸಹಿಸಿಕೊಂಡು ಕೂರಬೇಡಿ. ಆ ಕನ್ನಡಕವನ್ನೇ ತಗೊಂಡು ವಾಪಸ್ ಬನ್ನಿ. ಲೆನ್ಸ್ ಕೂರಿಸಿದ್ದು ತಪ್ಪಿದೆಯೋ, ನಾನು ಬರೆದ ಪವರೇ ತಪ್ಪಿದೆಯೋ ನೋಡುತ್ತೇನೆ.