ಬಾಯ್ಲರ್ ಇರಲಿ, ಸೌದೆ ಒಲೆಯೂ ಬರಲಿ

ಚಳಿ ದೇಶಕ್ಕೆ ಬಂದು ಒಂದೆರಡು ಚಳಿಗಾಲ ಕಳೆದ ನಮ್ಮವರು ಸ್ವಂತ ಮನೆ ಕೊಂಡ ಮೇಲೆ ಕೇಳುವ ಪ್ರಶ್ನೆ ಇದು: ‘ಗ್ಯಾಸ್ ಬಿಲ್ ಏರುತ್ತಲೇ ಇದೆ, ಒಂದು ಸೌದೆ ಒಲೆ ಹಾಕಿಸಿಬಿಡಲೇ?’ ಹಾಕಿಸಿ. ಆದರೆ ಗ್ಯಾಸಿನಲ್ಲಿ ನೀರು ಕಾಯಿಸಿ ಮನೆಯೆಲ್ಲ ಬೆಚ್ಚಗಿಡುವ ಬಾಯ್ಲರ್ ಕಿತ್ತುಹಾಕುವ ಯೋಚನೆ ಬೇಡ. ಒಲೆ ಕಾಯಿಸುವುದು ತಾನಿರುವ ಕೋಣೆಯನ್ನು. ಕೋಣೆಯ ಬಾಗಿಲು ತೆರೆದಿಟ್ಟರೆ ಪಕ್ಕದ ಕೋಣೆಗೂ ಒಂದಿಷ್ಟು. ಉಳಿದ ಮನೆಯೂ ಸ್ನಾನದ ನೀರೂ ಗ್ಯಾಸಿನ ಪಾಲಿಗೇ ಇರಲಿ. ಬಾಡಿಗೆ ಮನೆಯಲ್ಲಿರುವವರು ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಇದಕ್ಕೆ ಕೈಹಾಕಲೇಬೇಡಿ.

ನಾನು ಎಡವಿದ್ದು ಒಲೆಯಿಂದಲ್ಲ, ಕೋಣೆಯ ತಾಪ ನೋಡಿ ಬಾಯ್ಲರನ್ನು ನಡೆಸುವ, ನಿಲ್ಲಿಸುವ ಗೋಡೆಯ ಮೇಲಿನ ಥರ್ಮೋಸ್ಟಾಟಿನಿಂದ. ಅದು ಇದ್ದದ್ದು ಒಲೆಯ ಎದುರು ಗೋಡೆಯಲ್ಲಿ. 20 ಡಿಗ್ರಿಗೆ ಇಟ್ಟಿದ್ದೆ. ಒಲೆ ಹೊತ್ತಿ ಅರ್ಧ ಗಂಟೆಯಲ್ಲಿ ಹಜಾರ 24ಕ್ಕೆ ಏರುತ್ತಿತ್ತು. ಮನೆಯೆಲ್ಲ ಕಾದಿದೆ ಎಂದು ಅದು ಬಾಯ್ಲರನ್ನು ನಿಲ್ಲಿಸುತ್ತಿತ್ತು. ಕೆಳಗೆ ನಾವು ಬೆವರುತ್ತಿದ್ದರೆ, ಮಹಡಿಯ ಕೋಣೆಯಲ್ಲಿ ಮಗಳು ಎರಡು ಸ್ವೆಟರ್ ತೊಟ್ಟು ಓದುತ್ತಿದ್ದಳು. ಬಾಯ್ಲರ್ ಕೆಟ್ಟಿದೆ ಎಂದೇ ಹದಿನೈದು ದಿನ ನಂಬಿದ್ದೆ. ರಿಪೇರಿಗೆ ಬಂದವನು ಪೆಟ್ಟಿಗೆಯನ್ನೇ ತೆರೆಯದೆ, ಒಮ್ಮೆ ಒಲೆಯತ್ತ, ಒಮ್ಮೆ ಗೋಡೆಯತ್ತ ಬೆರಳು ತೋರಿಸಿ ಶುಲ್ಕ ತೆಗೆದುಕೊಂಡು ಹೋದ. ಥರ್ಮೋಸ್ಟಾಟನ್ನು ಒಲೆಯ ಶಾಖ ತಲುಪದ ಕೋಣೆಗೆ ಒಯ್ಯಿರಿ. ನಿಸ್ತಂತು ಮಾದರಿಯಾದರೆ ಗೋಡೆ ಕೊರೆಯುವ ಗೋಜೂ ಇಲ್ಲ. ಆ ಕೋಣೆಯ ರೇಡಿಯೇಟರನ್ನು (ಬಾಯ್ಲರಿನ ಬಿಸಿನೀರು ಹರಿದು ಕೋಣೆ ಕಾಯಿಸುವ ಫಲಕ) ಪೂರ್ತಿ ತೆರೆದಿಡಿ, ಉಳಿದವಕ್ಕೆ ತಾಪ ನೋಡಿ ತಾನೇ ಮುಚ್ಚಿಕೊಳ್ಳುವ ವಾಲ್ವ್ ಹಾಕಿಸಿ. ಒಲೆಯ ಕೋಣೆಯದು ಆಗ ತಾನಾಗಿಯೇ ಸುಮ್ಮನಾಗುತ್ತದೆ.

ದೊಡ್ಡ ಒಲೆಯ ಆಸೆ ಬೇಡ. ಸಾಧಾರಣ ಹಜಾರಕ್ಕೆ 5 ಕಿಲೋವ್ಯಾಟ್ ಸಾಕು. ದೊಡ್ಡದನ್ನು ತಂದರೆ ಸೆಕೆ ತಾಳಲಾರದೆ ಗಾಳಿಯ ಕಿಂಡಿ ಮುಚ್ಚುತ್ತೀರಿ. ಉರಿಯದೆ ಹೊಗೆಯಾಡುವ ಸೌದೆ ಗಾಜಿಗೂ ಚಿಮಣಿಗೂ ಮಸಿ ಮೆತ್ತುತ್ತದೆ. ರಾತ್ರಿಯಿಡೀ ಕೆಂಡ ಉಳಿಯಲಿ ಎಂದು ಕಿಂಡಿ ಮುಚ್ಚಿ ಮಲಗುವುದೂ ಇದೇ ತಪ್ಪು.

ಇನ್ನು ಸೌದೆ. ಒಣಗಿದ ಸೌದೆ ಕಿಲೋಗೆ ಸುಮಾರು 4 ಕಿಲೋವ್ಯಾಟ್ ಗಂಟೆ ಶಾಖ ಕೊಡುತ್ತದೆ. ಒಳ್ಳೆಯ ಒಲೆ ಅದರಲ್ಲಿ ಮುಕ್ಕಾಲು ಪಾಲನ್ನು ಕೋಣೆಗೆ ದಾಟಿಸುತ್ತದೆ. ನಾಲ್ಕು ಗಂಟೆಯ ಸಂಜೆಗೆ ಆರೇಳು ಕಿಲೋ ಎಂದು ಲೆಕ್ಕ ಹಾಕಿಕೊಳ್ಳಿ, ಚಳಿಗಾಲಕ್ಕೆ ಬೇಕಾಗುವಷ್ಟನ್ನು ಪೇರಿಸಿಡಲು ಜಾಗವಿದೆಯೇ ಎಂದೂ ನೋಡಿಕೊಳ್ಳಿ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ತೂಕದ ಲೆಕ್ಕದಲ್ಲಿ ಕೊಂಡವರು ನೀರಿಗೆ ದುಡ್ಡು ಕೊಟ್ಟು, ಆ ನೀರನ್ನು ಕುದಿಸಲು ಸೌದೆಯನ್ನೂ ಸುಡುತ್ತಾರೆ. ತೇವಾಂಶ 20 ಶೇಕಡಾಕ್ಕಿಂತ ಕೆಳಗಿರಬೇಕು. ಸೀಳಿ, ಮೇಲೆ ಮಾತ್ರ ಹೊದಿಸಿ, ಪಕ್ಕದಿಂದ ಗಾಳಿಯಾಡುವಂತೆ ಒಟ್ಟಿದರೂ ಒಣಗಲು ಒಂದೆರಡು ವರ್ಷ ಬೇಕು. ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಆದರೆ ಅದನ್ನು ಹೊರಮೈಗೆ ಚುಚ್ಚಬೇಡಿ. ನನ್ನ ಮೊದಲ ಲೋಡಿನ ಒಂದು ತುಂಡು ಹೊರಗೆ 16 ತೋರಿಸಿತು. ಕೊಡಲಿಯಿಂದ ಸೀಳಿ ಒಳಮೈಗೆ ಚುಚ್ಚಿದರೆ 28. ಒಲೆಗೆ ಹಾಕಿದಾಗ ಅದರ ತುದಿಯಲ್ಲಿ ಸುಯ್‌ಗುಟ್ಟುತ್ತ ನೊರೆ ಬಂತು. ಬಣ್ಣ ಬಳಿದ ಹಲಗೆ, ಪ್ಲೈವುಡ್, ಹಳೆಯ ಪೀಠೋಪಕರಣ ಇವುಗಳನ್ನಂತೂ ಒಲೆಯ ಹತ್ತಿರವೇ ತರಬೇಡಿ, ವಿಷದ ಹೊಗೆ.

ಚಿಮಣಿಯೊಳಗೆ ಮೆತ್ತಿದ ಮಸಿಗೆ, ಅದರಲ್ಲೂ ಟಾರಿನಂತೆ ಗಟ್ಟಿಯಾಗುವ ಕ್ರಿಯೋಸೋಟಿಗೆ, ಬೆಂಕಿ ಹತ್ತಿದರೆ ಮನೆಯೇ ಅಪಾಯಕ್ಕೆ ಸಿಲುಕುತ್ತದೆ. ವರ್ಷಕ್ಕೊಮ್ಮೆಯಾದರೂ ಚಿಮಣಿ ಗುಡಿಸುವವರನ್ನು ಕರೆಸಿ. ಹಳೆಯ ಚಿಮಣಿಗೆ ಒಳಗೆ ಉಕ್ಕಿನ ಕೊಳವೆ ಇಳಿಸಬೇಕಾಗಬಹುದು. ಬಾಯ್ಲರ್ ಮತ್ತು ಒಲೆಯ ಹೊಗೆ ಒಂದೇ ಕೊಳವೆಯಲ್ಲಿ ಹೋಗಕೂಡದು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಜೋರಾಗಿ ತಿರುಗಿದರೆ ಹೊಗೆಯನ್ನು ಕೆಳಕ್ಕೇ ಎಳೆಯುತ್ತದೆ. ಒಲೆಗೆ ಹೊರಗಿನಿಂದ ಗಾಳಿ ಬರುವ ದಾರಿಯ ಬಗ್ಗೆ ಹಾಕುವವರನ್ನು ಕೇಳಿ. ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇಲ್ಲದೆ ಮೊದಲ ಕಡ್ಡಿಯನ್ನೂ ಗೀರಬೇಡಿ, ಆ ವಿಷಾನಿಲಕ್ಕೆ ವಾಸನೆಯಿಲ್ಲ.

ಒಲೆಯ ಬೆನ್ನಿಗೇ ನೀರಿನ ತೊಟ್ಟಿ ಕೂರಿಸಿ ರೇಡಿಯೇಟರುಗಳಿಗೆ ಜೋಡಿಸುವ ಮಾದರಿಯೂ ಇದೆ. ಕೇಳಲು ಚೆನ್ನ, ನಾನಂತೂ ಹಾಕಿಸಲಿಲ್ಲ. ಗ್ಯಾಸನ್ನು ಗುಂಡಿ ಒತ್ತಿ ನಿಲ್ಲಿಸಬಹುದು, ಉರಿಯುವ ಸೌದೆಯನ್ನಲ್ಲ. ನೀರು ಹರಿಸುವ ಪಂಪ್ ನಿಂತರೆ ತೊಟ್ಟಿಯ ನೀರು ಕುದಿಯುತ್ತಲೇ ಹೋಗುತ್ತದೆ, ಆ ಶಾಖಕ್ಕೆ ಬೇರೆ ದಾರಿ ಬೇಕು.

ಕೆಲವು ನಗರಗಳಲ್ಲಿ ಸೌದೆ ಸುಡುವುದಕ್ಕೆ ನಿರ್ಬಂಧವಿದೆ, ಹೊಗೆ ಪಕ್ಕದ ಮನೆಯವರ ಶ್ವಾಸಕೋಶಕ್ಕೂ ಹೋಗುತ್ತದಲ್ಲ. ಮೊದಲು ಸ್ಥಳೀಯ ಆಡಳಿತವನ್ನು ವಿಚಾರಿಸಿ. ಪರವಾನಗಿ ಇರುವವರಿಂದಲೇ ಹಾಕಿಸಿ, ಅವರ ಪ್ರಮಾಣಪತ್ರವನ್ನು ಮನೆ ವಿಮೆಯವರಿಗೆ ಕಳಿಸಿ.

ಬೂದಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ. ತಣ್ಣಗಾಗಿದೆ ಎನಿಸಿದರೂ ಒಳಗೆ ಕೆಂಡ ಕೆಲವು ದಿನ ಜೀವ ಹಿಡಿದಿರಬಹುದು. ಮುಚ್ಚಳದ ಲೋಹದ ಬಕೆಟ್ಟಿನಲ್ಲಿ ಮನೆಯಿಂದ ಹೊರಗೆ, ಮರದ ಜಗಲಿಯ ಮೇಲಲ್ಲ, ಕಲ್ಲಿನ ಮೇಲೆ ಇಡಿ.