ಕೆರೆ ಹಬ್ಬಕ್ಕೆ ವಲಸೆ ಬಂದವರನ್ನೂ ಕರೆಯೋಣ, ಹೀಗೆ ಮಾಡಿ

ಬೆಂಗಳೂರಿನ ಎಷ್ಟೋ ಕೆರೆಗಳಿಗೆ ಈಗ ಅಕ್ಕಪಕ್ಕದ ನಿವಾಸಿಗಳೇ ಕಾವಲು. ಸಸಿ ನೆಡುತ್ತಾರೆ, ಹಕ್ಕಿ ನೋಡುತ್ತಾರೆ, ಕೆರೆ ಹಬ್ಬ ಮಾಡುತ್ತಾರೆ. ಆದರೆ ಅದೇ ಕೆರೆಯ ಬೇಲಿಯಾಚೆ ಶೀಟಿನ ಮನೆಗಳಲ್ಲಿ ಇರುವವರು ಅಲ್ಲಿ ಕಾಣುವುದು ಕಡಿಮೆ. ರಾಯಚೂರು, ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು, ಬಂಗಾಳ, ಅಸ್ಸಾಂ, ಒಡಿಶಾದಿಂದ ದುಡಿಯಲು ಬಂದವರು, ತಮ್ಮ ದೇಶದಲ್ಲಿ ಇರಲಾಗದೆ ಬಂದ ನಿರಾಶ್ರಿತರು. ಅವರೂ ಇದೇ ನೀರಿನ ಪಕ್ಕದಲ್ಲಿ ಬದುಕುತ್ತಿದ್ದಾರೆ. ಅವರು ಖುಷಿಯಿಂದ ಬಂದು ಕೂರುವಂಥ ಒಂದು ಕೆರೆ ದಿನ ಮಾಡುವುದು ಕಷ್ಟವೇನಲ್ಲ. ಸ್ವಲ್ಪ ಮುಂಚೆಯೇ ಯೋಚಿಸಬೇಕು, ಅಷ್ಟೇ.

ಮೊದಲು, ಏನು ಕೆಲಸಕ್ಕೆ ಕರೆಯುತ್ತೀರಿ ಅಂತ ತೀರ್ಮಾನಿಸಿ

ಕಸ ಹೆಕ್ಕಲು ಕರೆಯಬೇಡಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ನಗರದ ಒಣ ಕಸ ಆಯ್ದು, ವಿಂಗಡಿಸಿ, ಗುಜರಿಗೆ ಹಾಕುವವರಲ್ಲಿ ವಲಸೆ ಬಂದವರು ತುಂಬಾ ಜನ. ವಾರವೆಲ್ಲ ಅದನ್ನೇ ಮಾಡುವವರ ಕೈಗೆ ರಜೆಯ ದಿನವೂ ಚೀಲ ಕೊಟ್ಟರೆ ಅದು ಹಬ್ಬವಲ್ಲ, ಕೂಲಿ ಇಲ್ಲದ ಇನ್ನೊಂದು ದಿನದ ಕೆಲಸ. ಕಸ ತೆಗೆಯಲೇಬೇಕು ಅಂದರೆ ಹಿಂದಿನ ದಿನ ನಿಮ್ಮ ಅಪಾರ್ಟ್‌ಮೆಂಟಿನವರೇ ಸೇರಿ ತೆಗೆಯಿರಿ.

ಬದಲಿಗೆ ಅವರಿಗೆ ಗೊತ್ತಿರುವುದನ್ನು ಕೇಳುವಂಥ ಕೆಲಸ ಇಟ್ಟುಕೊಳ್ಳಿ. ಸೊಪ್ಪಿನ ನಡಿಗೆ ಬಹಳ ಚೆನ್ನಾಗಿ ಆಗುತ್ತದೆ. ಕೆರೆ ಅಂಚಿನ ತೇವದ ಜಾಗದಲ್ಲಿ ಬಗ್ಗಿ ನೋಡಿ. ಗುಂಡಗಿನ ಎಲೆ ಬಿಟ್ಟು ನೆಲಕ್ಕೆ ಅಂಟಿಕೊಂಡು ಹಬ್ಬಿರುವುದು ಒಂದೆಲಗ. ಪಕ್ಕದಲ್ಲೇ, ಎಲೆ ಮೂಡುವ ಗಿಣ್ಣಿನಲ್ಲಿ ಪುಟಾಣಿ ಬಿಳಿ ಹೂಗಳ ಗೊಂಚಲು ಇರುವುದು ಹೊನಗೊನ್ನೆ. ಒಂದೆಲಗದಿಂದ ನಾವು ತಂಬುಳಿ ಮಾಡುತ್ತೇವೆ. ಬಂಗಾಳದವರು ಅರೆದು ಬಿಸಿ ಅನ್ನಕ್ಕೆ ಕಲಸಿಕೊಳ್ಳುತ್ತಾರೆ. ಶ್ರೀಲಂಕಾದವರು ಸಣ್ಣಗೆ ಹೆಚ್ಚಿ, ಕಾಯಿತುರಿ, ಈರುಳ್ಳಿ, ನಿಂಬೆರಸ ಹಾಕಿ ಸಾಂಬಲ್ ಮಾಡುತ್ತಾರೆ. ಒಬ್ಬ ಅಕ್ಕ ಮುಂದೆ ನಡೆದು ತೋರಿಸಲಿ, ಉಳಿದವರು ಹಿಂದೆ ನಡೆಯಲಿ. ಒಂದು ಎಚ್ಚರಿಕೆ ಮಾತ್ರ ಬೇಕು: ಒಳಚರಂಡಿ ನೀರು ಸೇರುವ ಕೆರೆಯ ಸೊಪ್ಪನ್ನು ಯಾರೂ ಕಿತ್ತು ಮನೆಗೆ ಒಯ್ಯಬಾರದು. ಅದನ್ನು ನಡಿಗೆಗೆ ಮೊದಲೇ ಹೇಳಿ.

ಕತ್ತೆಕಿವಿ ಕಳೆ ತೆಗೆಯುವುದು ಇನ್ನೊಂದು. ನೀರಿನ ಮೇಲೆ ಹಸಿರು ಹಾಸಿ, ನೇರಳೆ ಹೂ ಬಿಡುವ ಈ ಗಿಡದ ದಂಟನ್ನು ಒತ್ತಿ ನೋಡಿ, ಒಳಗೆಲ್ಲ ಗಾಳಿ. ಅದಕ್ಕೇ ಅದು ಮುಳುಗುವುದಿಲ್ಲ. ದಕ್ಷಿಣ ಬಾಂಗ್ಲಾದೇಶದಲ್ಲಿ ಇದನ್ನೇ ಪದರ ಪದರವಾಗಿ ಪೇರಿಸಿ, ನೀರಿನ ಮೇಲೆ ತೇಲುವ ಪಾತಿ ಮಾಡಿ ತರಕಾರಿ ಬೆಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಈ ಪದ್ಧತಿಯನ್ನು ಕೃಷಿ ಪರಂಪರೆ ಎಂದು ಗುರುತಿಸಿದೆ. ನೀರಿನ ಸೀಮೆಯಿಂದ ಬಂದವರಿಗೆ ಈ ಕಳೆಯ ಗುಣ ನಮಗಿಂತ ಜಾಸ್ತಿ ಗೊತ್ತಿರಬಹುದು. ಕೇಳಿ ನೋಡಿ. ಆದರೆ ನೀರಿಗೆ ಇಳಿಯುವುದು ಬೇಡ. ದಡದಿಂದ ಕೊಕ್ಕೆ ಹಾಕಿ ಎಳೆದರೆ ಸಾಕು.

ದಿನ ಮತ್ತು ಹೊತ್ತು

ಹಕ್ಕಿ ನೋಡುವವರು ಬೆಳಿಗ್ಗೆ ಆರೂವರೆಗೆ ಸೇರುತ್ತಾರೆ. ಮನೆಕೆಲಸಕ್ಕೆ ಹೋಗುವ ಹೆಂಗಸರು ಆ ಹೊತ್ತಿಗೆ ಎರಡನೇ ಮನೆಯ ಪಾತ್ರೆ ತೊಳೆಯುತ್ತಿರುತ್ತಾರೆ. ಹಾಗಾಗಿ ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳಿ. ಹಕ್ಕಿಗಳೇನೂ ಕಡಿಮೆಯಾಗುವುದಿಲ್ಲ. ಬೆಳ್ಳಕ್ಕಿ, ನೀರುಕಾಗೆಗಳು ಗುಂಪು ಗುಂಪಾಗಿ ಮರಕ್ಕೆ ಮರಳುವುದು ಆಗಲೇ. ನಾಮದ ಕೋಳಿ, ಗುಳುಮುಳುಕ, ಮಿಂಚುಳ್ಳಿ ಹೇಗೂ ಇರುತ್ತವೆ.

ಭಾನುವಾರ ಎಲ್ಲರಿಗೂ ರಜೆ ಅಂದುಕೊಳ್ಳಬೇಡಿ. ಕಟ್ಟಡದ ಕೆಲಸದವರಿಗೆ ಬಟವಾಡೆ ಯಾವತ್ತು, ಸಂತೆ ಯಾವತ್ತು ಅಂತ ವಿಚಾರಿಸಿ. ರಂಜಾನ್ ತಿಂಗಳಲ್ಲಿ ಹಗಲು ಬಿಸಿಲಿನ ಕೆಲಸ ಇಡಬೇಡಿ. ಸಸಿ ನೆಡುವುದಾದರೆ ಜೂನ್ ಒಳ್ಳೆಯದು, ಮಳೆ ಹಿಡಿದಿರುತ್ತದೆ. ಜೂನ್ 20 ವಿಶ್ವ ನಿರಾಶ್ರಿತರ ದಿನವೂ ಹೌದು.

ಬೈಲುಕುಪ್ಪೆ, ಮುಂಡಗೋಡು ಕಡೆ ಇರುವವರಿಗೆ ಬೇರೆ ಲೆಕ್ಕ. 1960ರ ದಶಕದಿಂದಲೇ ಟಿಬೆಟನ್ನರು ಅಲ್ಲಿ ನೆಲೆಸಿದ್ದಾರೆ. ಚಳಿಗಾಲದಲ್ಲಿ ಅವರಲ್ಲಿ ಅನೇಕರು ಸ್ವೆಟರ್ ವ್ಯಾಪಾರಕ್ಕೆ ಊರೂರಿಗೆ ಹೋಗುತ್ತಾರೆ. ಆಗ ಕರೆದರೆ ಬರುವವರು ವಯಸ್ಸಾದವರು, ಮಕ್ಕಳು ಮಾತ್ರ. ಫೆಬ್ರುವರಿ, ಮಾರ್ಚ್ ಹೊತ್ತಿಗೆ ಲೋಸಾರ್, ಅಂದರೆ ಅವರ ಹೊಸ ವರ್ಷ. ಆ ದಿನಗಳನ್ನು ಬಿಡಿ. ಮೇ, ಜೂನ್‌ನಲ್ಲಿ ಬರುವ ಸಾಗಾ ದಾವಾ ತಿಂಗಳಲ್ಲಿ ಪುಣ್ಯದ ಕೆಲಸ ಮಾಡಬೇಕು ಎಂಬ ನಂಬಿಕೆ ಅವರಲ್ಲಿದೆ. ಗಿಡ ನೆಡಲು ಅದು ಹೇಳಿ ಮಾಡಿಸಿದ ಸಮಯ. ಮುಂಡಗೋಡಿನವರಿಗೆ ಅತ್ತಿವೇರಿ ಪಕ್ಷಿಧಾಮ ಹತ್ತಿರದಲ್ಲೇ ಇದೆ. ಊರಿನವರು, ಟಿಬೆಟನ್ನರು ಒಟ್ಟಿಗೆ ಹೋಗಬಹುದಲ್ವಾ?

ಅನುಮತಿ

ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ಗೇಟಿನ ಬೋರ್ಡಿನಲ್ಲಿ ನೋಡಿ. ಪಾಲಿಕೆ, ಅರಣ್ಯ ಇಲಾಖೆ, ಸಣ್ಣ ನೀರಾವರಿ ಇಲಾಖೆ, ಪಂಚಾಯಿತಿ, ಯಾವುದಾದರೂ ಇರಬಹುದು. ಸಸಿ ನೆಡಲು, ಕಳೆ ತೆಗೆಯಲು ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಗೇಟಿನ ಕಾವಲುಗಾರರಿಗೂ ವಿಷಯ ತಿಳಿದಿರಲಿ. ಇಲ್ಲದಿದ್ದರೆ ನೀವು ಕರೆದವರನ್ನು ಅವರೇ ಬಾಗಿಲಲ್ಲಿ ತಡೆಯುತ್ತಾರೆ.

ಕರೆಯುವ ರೀತಿ

ವಾಟ್ಸ್ಆ್ಯಪ್ ಪೋಸ್ಟರ್ ಸಾಲದು. ನಡೆದು ಹೋಗಿ ಕರೆಯಬೇಕು. ಮೇಸ್ತ್ರಿಗೆ ಹೇಳಿ ಬಂದರೆ ಅದು ಅಪ್ಪಣೆಯಾಗಿಬಿಡುತ್ತದೆ. ನೀರು ಹಿಡಿಯುವ ಜಾಗದಲ್ಲಿ, ಅಂಗನವಾಡಿ ಹತ್ತಿರ, ಹೆಂಗಸರ ಜೊತೆ ಮಾತಾಡಿ. ಒಂದೇ ಸಲಕ್ಕೆ ಯಾರೂ ಒಪ್ಪುವುದಿಲ್ಲ. ಇನ್ನೊಮ್ಮೆ ಹೋಗಿ.

ಆಧಾರ್ ಕೇಳಬೇಡಿ. ಹೆಸರು, ಊರು, ಫೋನ್ ನಂಬರ್ ಬರೆಸುವ ಪುಸ್ತಕವೂ ಬೇಡ. ಇದಕ್ಕೆ ಕಾರಣವಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ, ಇವರು ಬಾಂಗ್ಲಾದೇಶಿಗಳು ಎಂಬ ಅನುಮಾನದ ಮೇಲೆ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು, ಅಸ್ಸಾಂ, ತ್ರಿಪುರಾದವರೂ ಇದ್ದರು. ಇಂಥದ್ದನ್ನು ಕಂಡವರಿಗೆ, ಕೇಳಿದವರಿಗೆ ಪಟ್ಟಿ ಹಿಡಿದು ನಿಂತವರನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ನಿರಾಶ್ರಿತರ ಸ್ಥಿತಿ ಇನ್ನೂ ನಾಜೂಕು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಹಲವರ ಕೈಯಲ್ಲಿ ಇರುವುದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಕಾರ್ಡ್ ಮಾತ್ರ. ಫೋಟೊ ವಿಷಯದಲ್ಲೂ ಅಷ್ಟೇ. ಸಸಿಯ ಫೋಟೊ ತೆಗೆಯಿರಿ, ಹಕ್ಕಿಯ ಫೋಟೊ ತೆಗೆಯಿರಿ. ಮುಖ ಬೇಡ. ಜಾಲತಾಣಕ್ಕೆ ಹಾಕಿದ ಒಂದು ಚಿತ್ರ ಯಾರ ಕಣ್ಣಿಗೆ ಬೀಳುತ್ತದೆ ಅಂತ ನಮಗೆ ತಿಳಿಯುವುದಿಲ್ಲ.

ಆ ದಿನ

ಶೌಚಾಲಯ ತೆರೆದಿದೆಯಾ, ನೀರು ಬರುತ್ತಿದೆಯಾ ಅಂತ ಬೆಳಿಗ್ಗೆಯೇ ನೋಡಿ. ಅದಿಲ್ಲದಿದ್ದರೆ ಹೆಂಗಸರು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ಮಕ್ಕಳು ಬಂದೇ ಬರುತ್ತಾರೆ. ಅವರಿಗೆ ದೊಡ್ಡ ಚಾಪೆ, ಬಣ್ಣದ ಪೆನ್ಸಿಲ್, ನೋಡಿಕೊಳ್ಳಲು ಇಬ್ಬರು ಇರಲಿ. ಸರ್ಕಾರಿ ಶಾಲೆಗೆ ಹೋಗುವ ಮಕ್ಕಳು ಕನ್ನಡ ಚೆನ್ನಾಗಿ ಮಾತಾಡುತ್ತಾರೆ. ಆದರೆ ಇಡೀ ದಿನ ಅವರನ್ನೇ ದುಭಾಷಿ ಮಾಡಬೇಡಿ, ಅವರಿಗೂ ಆಟ ಬೇಕು. ಎರಡು ಭಾಷೆ ಬಲ್ಲ ದೊಡ್ಡವರನ್ನು ಮೊದಲೇ ಗೊತ್ತುಮಾಡಿ, ಅವರ ಹೊತ್ತಿಗೆ ಹಣ ಕೊಡಿ.

ತಿಂಡಿಗೆ ಟೀ, ಬಾಳೆಹಣ್ಣು, ಪುಳಿಯೋಗರೆ, ಬೇಯಿಸಿದ ಮೊಟ್ಟೆ ಸಾಕು. ಮೊಟ್ಟೆ ಬೇರೆ ಡಬ್ಬದಲ್ಲಿ ಇರಲಿ. ಎಲ್ಲರೂ ಒಂದೇ ಕಡೆ ಕೂತು ತಿನ್ನಿ.

ದುರ್ಬೀನನ್ನು ಮೊದಲ ಸಲ ಹಿಡಿಯುವವರ ಕೈಗೆ ಮೊದಲು ಕೊಡಿ. ಭಾಷಣ ಚಿಕ್ಕದಿರಲಿ. ವಲಸೆ ಹಕ್ಕಿಗೂ ವಲಸೆ ಬಂದವರಿಗೂ ಹೋಲಿಕೆ ಮಾಡುವ ಮಾತು ಬಾಯಿಗೆ ಸುಲಭವಾಗಿ ಬರುತ್ತದೆ. ದಯವಿಟ್ಟು ಬೇಡ. ಹಕ್ಕಿ ಋತು ಮುಗಿದ ಮೇಲೆ ತನ್ನ ಊರಿಗೆ ಹೋಗುತ್ತದೆ. ಹೋಗಲು ಊರೇ ಉಳಿಯದವರು ಎದುರಿಗೆ ಕೂತಿರಬಹುದು.

ಸಸಿ ನೆಟ್ಟ ಮೇಲೆ

ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿ ಕೆರೆ ಅಂಚಿಗೆ ಹೊಂದುತ್ತವೆ. ಗುಂಡಿಗಳನ್ನು ಹಿಂದಿನ ವಾರವೇ ತೆಗೆಸಿಡಿ, ಎರಡಡಿ ಆಳ, ಎರಡಡಿ ಅಗಲ. ಗುಂಡಿ ತೋಡಿದವರಿಗೆ ಕೂಲಿ ಕೊಡಿ, ಅದು ಸೇವೆಯ ಲೆಕ್ಕಕ್ಕೆ ಬೇಡ. ಮೊದಲ ಎರಡು ಬೇಸಿಗೆ ನೀರು ಬೇಕೇ ಬೇಕು. ಆ ಕೆಲಸವನ್ನು ಹತ್ತಿರದಲ್ಲಿದ್ದಾರೆ ಅಂತ ಶೀಟಿನ ಮನೆಯವರ ಮೇಲೆ ಹೊರಿಸಬೇಡಿ, ಸರದಿ ಹಾಕಿಕೊಳ್ಳಿ. ಕೆಲಸ ಮುಗಿದು ಬೇರೆ ಸೈಟಿಗೆ ಹೋದವರ ಸರದಿಯನ್ನು ಅಪಾರ್ಟ್‌ಮೆಂಟಿನವರು ತುಂಬಲಿ.

ಮುಂದಿನ ಕೆರೆ ದಿನ ಯಾವತ್ತು, ಏನು ಮಾಡೋಣ ಎಂಬ ಮಾತನ್ನು ಅವತ್ತೇ ಟೀ ಕುಡಿಯುವಾಗ ಎತ್ತಿ. ಮೊದಲ ಸಲ ಬಂದವರು ದಿನ ಆರಿಸಲಿ. ಸಮಿತಿಯ ಸಭೆಯಲ್ಲೂ ಅವರಲ್ಲಿ ಇಬ್ಬರಿಗಾದರೂ ಜಾಗ ಇರಲಿ, ಸಭೆಯ ಹೊತ್ತನ್ನು ಅವರ ಕೆಲಸ ಮುಗಿಯುವ ಹೊತ್ತಿಗೆ ಇಡಿ.